ಇಂಟರ್ವೆಲ್ ಇಲ್ಲದ ಸಂಜೆ

“ಇಂಟರ್ವೆಲ್ ಇಷ್ಟುದ್ದ ಯಾಕೆ ಮೇಡಂ? ಜನ ಟೀ ಕುಡೀತಾರೋ, ಟೀ ಗಿಡ ನೆಟ್ಟು ಬೆಳೆಸ್ತಾರೋ?”

ಸಂಗೀತ ಸಂಜೆಗೆಂದು ನಾನು ಬರೆದಿದ್ದ ನಿಮಿಷವಾರು ಪಟ್ಟಿಯ ಮೇಲೆ ಬೆರಳಿಟ್ಟು ಲೈಟಿನವರು ಕೇಳಿದರು. ನನ್ನ ಕಿವಿ ಬಿಸಿಯಾಯಿತು.

“ವಯಸ್ಸಾದವರು ಜಾಸ್ತಿ ಬರ್ತಾರೆ. ಮೆಟ್ಟಿಲು ಇಳಿಯೋಕೆ ಹೊತ್ತು ಬೇಕಲ್ಲ.”

“ಓಹೋ, ಮೆಟ್ಟಿಲು!”

ಅವರ ನಗು ಮೊದಲು ಕಣ್ಣಿನಂಚಿಗೆ ಬರುತ್ತದೆ. ತುಟಿಗಿಳಿಯುವಷ್ಟರಲ್ಲಿ ನಾನು ತಲೆ ತಗ್ಗಿಸಿಬಿಟ್ಟಿರುತ್ತೇನೆ.

ಆ ಇಂಟರ್ವೆಲನ್ನು ನಾನು ಹಿಗ್ಗಿಸಿದ್ದು ನನಗಾಗಿ. ಲೈಟಿನವರ ಭಾವ ತೀರಿಕೊಂಡಿದ್ದರು. ದೂರದ ಊರಿನಲ್ಲಿ ಅಕ್ಕ ಒಬ್ಬಳೇ, ಎರಡು ಪುಟ್ಟ ಮಕ್ಕಳು, ಮುಚ್ಚಿದ ಅಂಗಡಿ. ಇವರು ಕೆಲಸ ಬಿಟ್ಟು ಅಲ್ಲಿಗೇ ಹೊರಟಿದ್ದರು. ಮೊದಲರ್ಧ ಮುಗಿಸಿ, ಉಳಿದದ್ದನ್ನು ಜೊತೆಗಾರನಿಗೆ ಒಪ್ಪಿಸಿ, ನೇರ ರೈಲಿಗೆ. ಕಾರ್ಯಕ್ರಮ ನಡೆಯುವಾಗ ನಾನು ವೇದಿಕೆಯ ಪಕ್ಕದಿಂದ ಕದಲುವಂತಿಲ್ಲ; ಅವರ ಲೈಟಿನ ಕೋಣೆ ಹಾಲಿನ ಆ ತುದಿಗೆ. ಇಷ್ಟು ದಿನ ಹೆಡ್‌ಸೆಟ್‌ನಲ್ಲಿ ಅವರಿಗೆ ‘ದೀಪ ಏರಿಸಿ’, ‘ಇಳಿಸಿ’ ಎಂದಷ್ಟೇ ಹೇಳಿದ್ದ ನನಗೆ, ಎದುರು ನಿಂತು ಮನಸ್ಸಿನ ಒಂದು ಮಾತು ಹೇಳಲು ಆ ಇಂಟರ್ವೆಲ್ ಒಂದೇ ಇದ್ದದ್ದು.

ಅಂದು ಸ್ವಾಗತ ಭಾಷಣದವರು “ಎರಡೇ ಮಾತು” ಎಂದು ಮೈಕ್ ಹಿಡಿದರು. ಹಿಡಿದವರು ತಮ್ಮ ಬಾಲ್ಯದಿಂದ ಶುರು ಮಾಡಿದರು. ಮೊದಲರ್ಧದ ಕೊನೆಗೆ ಬಂದರೂ ಆ ತಡ ತುಂಬಿಬರಲಿಲ್ಲ.

“ಪುಟ್ಟಿ,” ಕಿವಿಯಲ್ಲಿ ಸೋದರಮಾವನ ದನಿ. ಕಾರ್ಯಕ್ರಮ ನಡೆಸಿಕೊಡುವ ಕಂಪನಿ ಅವರದು. “ಹಾಲ್ ಬಿಡೋ ಹೊತ್ತಿಗೆ ಬಿಡ್ಲೇಬೇಕು. ಎಲ್ಲಿ ಕತ್ತರಿಸ್ತೀಯ?”

ಇಂಟರ್ವೆಲ್‌ಗೆ ಮುಂಚೆ ಉಳಿದದ್ದು ಹಿರಿಯ ಗಾಯಕಿಯ ಹಾಡೊಂದೇ. ಅದನ್ನು ಕತ್ತರಿಸಬಹುದಿತ್ತು. ಬಹಳ ವರ್ಷಗಳ ಮೇಲೆ ವೇದಿಕೆ ಹತ್ತಲು ಬಂದಿದ್ದ ಆಕೆ ನನ್ನ ಪಕ್ಕದಲ್ಲೇ ಕನ್ನಡಕ ಒರೆಸುತ್ತ ಸಾಲುಗಳನ್ನು ಗುನುಗಿಕೊಳ್ಳುತ್ತಿದ್ದರು.

“ಇಂಟರ್ವೆಲ್ ಬೇಡ ಮಾವ. ಇವರ ಹಾಡಾದ ಕೂಡ್ಲೇ ಎರಡನೇ ಭಾಗ.”

ಹಾಡು ಅರ್ಧವಾದಾಗ ಲೈಟಿನವರು ಹೆಡ್‌ಸೆಟ್‌ನಲ್ಲಿ ಮೆಲ್ಲಗೆ ಕೇಳಿದರು.

“ಮೇಡಂ, ಇಂಟರ್ವೆಲ್‌ನಲ್ಲಿ ಏನಾದ್ರೂ ಹೇಳೋದಿತ್ತಾ?”

ಎಲ್ಲರಿಗೂ ಕೇಳಿಸುವ ಲೈನು ಅದು. ನಾನು ಹೆಡ್‌ಸೆಟ್‌ನ ಮೈಕನ್ನು ಅಂಗೈಯಲ್ಲಿ ಮುಚ್ಚಿಕೊಂಡೆ.

ಮಾವ ಕೆಮ್ಮಿದರು. “ನಾನು ಸ್ವಲ್ಪ ಹೊತ್ತು ಲೈನ್ ಬಿಡ್ತೀನಮ್ಮ.” ಟಕ್.

“ಸೌಂಡ್‌ನವನೂ ಲೈನ್ ಬಿಡ್ತಿದೀನಿ.” ಟಕ್.

“ನಾನೂ ಬಿಡಬೇಕಾ? ಈಗ ತಾನೇ ಕಥೆ ಶುರುವಾಗಿತ್ತು!” ಪರದೆ ಎಳೆಯುವವರು ಗೊಣಗಿಕೊಂಡೇ ಹೋದರು.

ಲೈನಿನಲ್ಲಿ ನಾವಿಬ್ಬರೇ ಉಳಿದೆವು. “ಹೋಗ್ಬೇಡಿ,” ಎಂದೆ.

ಲೈಟಿನವರು ಹೇಳಿದರು.

“ಮಾಮ ಬರ್ತಾನೆ ಅಂತ ಮಕ್ಕಳು ಬೆಳಿಗ್ಗೆಯಿಂದ ಬಾಗಿಲು ಬಿಟ್ಟು ಅಲ್ಲಾಡಿಲ್ಲವಂತೆ.”

“ಗೊತ್ತು. ಹೋಗ್ಲೇಬೇಕು ಅಂತಾನೂ ಗೊತ್ತು. ಆದ್ರೂ ಹೇಳ್ದೆ.”

“ಒಳ್ಳೇದಾಯ್ತು. ನಾನಾಗಿದ್ರೆ ಅಷ್ಟೂ ಹೇಳದೇನೇ ರೈಲು ಹತ್ತಿಬಿಡ್ತಿದ್ದೆ.”

ಹಾಡು ಮುಗಿಯಿತು. ಚಪ್ಪಾಳೆ ಎದ್ದು, ಕ್ಷೀಣಿಸಿ, ನಿಂತೇಹೋಯಿತು. ಗಾಯಕಿ ಬೆಳಕಿನಲ್ಲಿ ತಬ್ಬಿಬ್ಬಾಗಿ ನನ್ನತ್ತ ನೋಡಿದರು. ನಾನು ಹೇಳದೆ ದೀಪ ಇಳಿಯುವುದಿಲ್ಲ. ದೀಪ ಇಳಿಯದೆ ಲೈಟಿನವರು ಹೊರಡುವಂತಿಲ್ಲ. ಇನ್ನೊಂದು ಗಳಿಗೆ, ಇನ್ನೊಂದೇ ಗಳಿಗೆ ಎಂದು ತುಟಿ ಕಚ್ಚಿಕೊಂಡೆ.

“ಮೇಡಂ,” ಕಿವಿಯಲ್ಲಿ ಅವರ ದನಿ. “ಹೇಳಿಬಿಡಿ.”

“ಇಳಿಸಿ.”

ಕತ್ತಲಾಯಿತು. ಹಾಲಿನ ಆ ತುದಿಯಲ್ಲಿ ಲೈಟಿನ ಕೋಣೆಯ ಬಾಗಿಲು ತೆರೆದು ಮುಚ್ಚಿದ್ದು ಕೇಳಿಸಿತು. ನಾನು ಕಣ್ಣೊರೆಸಿಕೊಂಡು ಎರಡನೇ ಭಾಗದವರನ್ನು ವೇದಿಕೆಗೆ ಕಳಿಸಿದೆ.