ಬಹುಪದೋಕ್ತಿ ಕೂಡಿದ ಸಂಜೆ

ಮಸೂರ ತಯಾರಿಸುವ ಆ ಕಾರ್ಖಾನೆ ಬಿಟ್ಟು ಎಷ್ಟೋ ಕಾಲವಾಯಿತು. ಆದರೂ ಎಲ್ಲಾದರೂ ಗಾಜು ಉಜ್ಜುವ ಸದ್ದು ಕಿವಿಗೆ ಬಿದ್ದರೆ ಸಾಕು, ಅವಳ ಮನಸ್ಸು ಆ ಸಂಜೆಗೆ ಓಡುತ್ತದೆ.

ಗಾಜು ಎಷ್ಟು ಬಾಗಬೇಕೆಂದು ಬಹುಪದೋಕ್ತಿಯಲ್ಲಿ ಬರೆಯುವವಳು ಅವಳು. ಅರೆದು ಕೊಡುವವನು ಅವನು. ಅರೆಯುವ ಯಂತ್ರಕ್ಕೆ ತಕ್ಕ ತಿದ್ದುಪಡಿ ಅವನ ವಿಭಾಗದಿಂದ ಇನ್ನೊಂದು ಬಹುಪದೋಕ್ತಿಯಾಗಿ ಬರುತ್ತಿತ್ತು. ಎರಡನ್ನೂ ಕಂಪ್ಯೂಟರಿನಲ್ಲಿ ನಂಪೈ ಎಂಬ, ಲೆಕ್ಕ ಮಾಡಿಕೊಡುವ ಸಿದ್ಧ ತಂತ್ರಾಂಶದ ಲೈಬ್ರರಿಯಿಂದ ಅವಳು ಕೂಡಿಸುತ್ತಿದ್ದಳು. ಆ ಸಲ ಮೊದಲ ಬಾರಿಗೆ ತಿದ್ದುಪಡಿಯನ್ನು ಅವನೇ ಬರೆದು ಕಳಿಸಿದ್ದ.

ಅವಳಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತ್ತು. ಮರುದಿನವೇ ಹೊರಡಬೇಕು. ಅವನ ಬಾಯಿಂದ ಒಂದು ಮಾತು ಬಂದೀತೆಂದು ಕಾದದ್ದೇ ಬಂತು. ಅಜ್ಜಿಯ ಕಥೆಯ ರಾಜಕುಮಾರ ಏಳು ಸಮುದ್ರ ದಾಟುತ್ತಿದ್ದ. ಈ ಮಹಾಶಯನಿಗೆ ಎರಡು ಮೇಜು ದಾಟಲು ಆಗಿರಲಿಲ್ಲ.

ಆ ಸಂಜೆ ದಾಟಿ ಬಂದ, ಕೈಯಲ್ಲೊಂದು ಗಾಜು ಹಿಡಿದು.

"ಮೇಡಂ, ನಿಮ್ಮ ಲೆಕ್ಕದ ಪ್ರತಾಪ ನೋಡಿ. ಇದರಲ್ಲಿ ನಿಮ್ಮ ಮುಖ ಕುಂಬಳಕಾಯಿ ಥರ ಕಾಣ್ತಿದೆ."

"ನಿಮ್ಮದು ಗಾಜಿಲ್ಲದೇನೂ ಹಾಗೇ ಕಾಣುತ್ತೆ, ಬಿಡಿ!"

ಅವನು ನಕ್ಕ. ಕೆನ್ನೆಯ ಮೇಲೆ ಬಿಳಿ ಪುಡಿಯದೊಂದು ಗೆರೆ. ಅಲ್ಲಿಂದ ಕಣ್ಣು ಕೀಳುವುದೇ ಅವಳಿಗೆ ಕಷ್ಟವಾಯಿತು.

ಎಡವಟ್ಟು ಬೇಗ ಸಿಕ್ಕಿತು. ಅವಳು ಸಹಗುಣಕಗಳನ್ನು ಚಿಕ್ಕ ಘಾತದಿಂದ ದೊಡ್ಡದಕ್ಕೆ ಬರೆದಿದ್ದಳು, ಲೈಬ್ರರಿಗೆ ಬೇಕಾದ ಹಾಗೆ. ಅವನು ಶಾಲೆಯಲ್ಲಿ ಕಲಿತಂತೆ ದೊಡ್ಡದರಿಂದ ಚಿಕ್ಕದಕ್ಕೆ. ಲೈಬ್ರರಿ ತುಟಿಪಿಟಕ್ಕೆನ್ನದೆ ಮೊದಲಿನದಕ್ಕೆ ಮೊದಲಿನದನ್ನು, ಕೊನೆಯದಕ್ಕೆ ಕೊನೆಯದನ್ನು ಕೂಡಿಸಿಬಿಟ್ಟಿತ್ತು.

ಅವನ ಸಾಲನ್ನು ತಿರುಗಿಸಿ ಮತ್ತೆ ಕೂಡಿಸಿದಳು. ಪರದೆಯ ಮೇಲೆ ಗೆರೆ ನವಿರಾಗಿ ಬಾಗಿತು.

"ಲೆಕ್ಕದಲ್ಲಿ ದೊಡ್ಡದನ್ನೇ ಮೊದಲು ಬರೀತೀರಾ. ಮಾತಲ್ಲಿ ಮಾತ್ರ ಬರೀ ಸೆಕೆ, ಚಳಿ, ಬಸ್ಸು!" ಎಂದಳು.

ಅವನು ಗಾಜನ್ನು ಮೇಜಿನ ಮೇಲಿಟ್ಟ.

"ಸರಿ, ದೊಡ್ಡದೇ ಮೊದಲು. ನೀವಿಲ್ಲದೆ ನನಗಾಗಲ್ಲ." ಕೆನ್ನೆಯ ಪುಡಿ ಒರೆಸಿಕೊಂಡ. "ಆಮೇಲೆ... ನೀವು ಕಿಟಕಿ ಹತ್ತಿರ ನಿಂತ ದಿನ ನನ್ನ ಕೈಲಿ ಒಂದಾದ್ರೂ ಗಾಜು ಒಡೆಯುತ್ತೆ. ಕೊನೇದು, ನಿಮ್ಮ ಚಹಾ ಆರ್ತಿದೆ."

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

"ಹೊರಡೋ ಹಿಂದಿನ ದಿನ ಹೇಳ್ತಿದೀರಲ್ಲ ಪುಣ್ಯಾತ್ಮರೇ! ನಾನು ಹೊಸ ಕೆಲಸದವರಿಗೆ ಮಾತು ಕೊಟ್ಟಾಗಿದೆ, ಹೋಗ್ಲೇಬೇಕು. ನೀವೂ ಬರ್ತೀರಾ? ಅಲ್ಲ, ಮೊದಲು ನಿಮ್ಮ ಅಮ್ಮ ಒಪ್ಪಬೇಕಲ್ಲ..."

ಅವನು ತಲೆ ತಗ್ಗಿಸಿ ಮೆಲ್ಲಗೆ ಹೇಳಿದ:

"ಅಮ್ಮ ಕಳೆದ ವರ್ಷವೇ ಒಪ್ಪಿಬಿಟ್ರು. ನಿಮಗೆ ಹೇಳೋದೊಂದೇ ಬಾಕಿ ಇತ್ತು."