ದಕ್ಷಿಣ ಮುಚ್ಚಿದ ಮೂರು ದಿನ

2024ರ ಅಕ್ಟೋಬರ್ 15, ಮಂಗಳವಾರ. ಬೆಳಿಗ್ಗೆ 6 ಗಂಟೆ 50 ನಿಮಿಷಕ್ಕೆ ಥಿಂಪುವಿನಿಂದ ಬಹು ದೂರದ ಬೆಟ್ಟಗಳ ನಡುವಿನ ಯುಸಾ ಕಣಿವೆಯ ಪೊಲೀಸ್ ಹೊರಠಾಣೆಯ ಬಾಗಿಲಿಗೆ ಪ್ರವಾಸಿ ಗೈಡ್ ಜುರ್ಮಿ ಓಡುತ್ತ ಬಂದ. ಕ್ಯಾಂಪಿನಿಂದ ನಲವತ್ತು ನಿಮಿಷದ ದಾರಿ. ಅವನು ಇಪ್ಪತ್ತೈದರಲ್ಲಿ ಇಳಿದಿದ್ದ. ಮೊಣಕಾಲಿನವರೆಗಿನ ಅವನ ಘೋ ನಿಲುವಂಗಿ ಮಂಜಿನಲ್ಲಿ ಒದ್ದೆಯಾಗಿತ್ತು.

ಠಾಣಾಧಿಕಾರಿ ಲೆಫ್ಟಿನೆಂಟ್ ಫುಬ್ ರಿಂಜಿನ್ ಹಲ್ಲುಜ್ಜುತ್ತಿದ್ದವರು ಬಾಯಿ ಮುಕ್ಕಳಿಸಿ ಒಳಗೆ ಬಂದರು.

"ಕೂತ್ಕೋ. ಏನಾಯ್ತು?"

"ಕೂರೋಕಾಗಲ್ಲ ದಾಶೊ" ಎಂದ; ದೊಡ್ಡ ಅಧಿಕಾರಿಗಳನ್ನು ಅಲ್ಲಿ ಕರೆಯುವುದೇ ಹಾಗೆ. "ನಮ್ಮ ಗುಂಪಿನ ಒಬ್ಬಮ್ಮ ಸಾಯ್ತಾ ಇದಾರೆ. ಆಕ್ಸಿಜನ್ ಸಿಲಿಂಡರ್ ಕಳುವಾಗಿದೆ."

"ಯಾವಾಗ ಗೊತ್ತಾಯ್ತು?"

"ಆರು ಗಂಟೆಗೆ. ಚಹಾ ಕೊಡೋಕೆ ಹೋದ್ರೆ ಅವರ ತುಟಿ ನೀಲಿ. ಗಂಡನ್ನೇ ಯಾರು ಅಂತ ಕೇಳ್ತಾ ಇದ್ರು. ಪೆಟ್ಟಿಗೆ ತೆಗೆದ್ರೆ ಸಿಲಿಂಡರ್ ಇಲ್ಲ."

ಕಾನ್‌ಸ್ಟೇಬಲ್ ಛಿಮಿ ಬರೆದುಕೊಂಡಳು. ರೋಗಿಯ ಹೆಸರು ಹಾನ್ನೆಕೆ, ವಯಸ್ಸು 71, ಹಾಲೆಂಡಿನ ನಿವೃತ್ತ ಶಾಲಾ ಶಿಕ್ಷಕಿ. ಜೊತೆಯಲ್ಲಿ ಗಂಡ ವಿಲ್ಲೆಮ್ ಮತ್ತು ಇತರ ನಾಲ್ವರು. ಹತ್ತು ದಿನದ ಪ್ರವಾಸದಲ್ಲಿ ಇದು ಆರನೆಯ ದಿನ. ಎರಡು ದೇಗುಲ, ಒಂದು ಧ್ಯಾನದ ಗುಹೆ ನೋಡಿ ಆಗಿತ್ತು.

ಫುಬ್ ವೈರ್‌ಲೆಸ್ ಹಿಡಿದರು. ಹೆಲಿಕಾಪ್ಟರ್ ಕೇಳಿದರು. 7 ಗಂಟೆ 05ಕ್ಕೆ ಉತ್ತರ ಬಂತು: ತಾಕಿ ಘಟ್ಟದ ಮೇಲೆ ಮೋಡ ಕುಳಿತಿದೆ, ನಾಳೆ ಬೆಳಿಗ್ಗೆಗಿಂತ ಮುಂಚೆ ಸಾಧ್ಯವಿಲ್ಲ.

ಆರೋಗ್ಯ ಕೇಂದ್ರ ಇರುವುದು ಘಟ್ಟದ ಆಚೆ ಗೆಮ್ಜಿಯಲ್ಲಿ. ಹೊಳೆಯ ಪಕ್ಕದ ಕೆಳದಾರಿ ಹಿಂದಿನ ಶುಕ್ರವಾರದ ಭೂಕುಸಿತಕ್ಕೆ ಮುಚ್ಚಿಹೋಗಿತ್ತು. ಉಳಿದದ್ದು ಮೇಲೆ ಹತ್ತಿ ದಕ್ಷಿಣಕ್ಕೆ ಇಳಿಯುವ ಒಂದೇ ದಾರಿ. ಗಾಳಿ ಸಾಲದೆ ಒದ್ದಾಡುತ್ತಿರುವವರನ್ನು ಇನ್ನೂ ಗಾಳಿ ಕಡಿಮೆ ಇರುವ ಕಡೆಗೆ ಹೊತ್ತುಕೊಂಡು ಹೋಗಬೇಕು.

"ಸಿಲಿಂಡರ್ ಇಲ್ಲದೆ ಘಟ್ಟ ದಾಟೋಕಾಗುತ್ತಾ?"

"ಆಗಲ್ಲ ದಾಶೊ" ಎಂದ ಜುರ್ಮಿ. "ಅರ್ಧಕ್ಕೇ ಹೋಗಿಬಿಡ್ತಾರೆ."

FIR ಸಂಖ್ಯೆ 9/2024 ದಾಖಲಾಯಿತು. ಕಾನ್‌ಸ್ಟೇಬಲ್ ತಾಂಡಿನ್ ಮಡಚುವ ಸ್ಟ್ರೆಚರನ್ನು ಬೆನ್ನಿಗೆ ಕಟ್ಟಿಕೊಂಡ. 7 ಗಂಟೆ 15ಕ್ಕೆ ನಾಲ್ವರೂ ಹೊರಟರು.

ಕ್ಯಾಂಪ್ ತಲುಪಿದಾಗ 8 ಗಂಟೆ 05. ಹಾನ್ನೆಕೆಯನ್ನು ದಿಂಬುಗಳಿಗೆ ಒರಗಿಸಿ ಕೂರಿಸಿದ್ದರು. ಪ್ರತಿ ಉಸಿರಿಗೂ ಎದೆಯೊಳಗೆ ನೀರು ಕುದಿಯುವ ಸದ್ದು. ಪಕ್ಕದಲ್ಲಿ ವಿಲ್ಲೆಮ್ ಹೆಂಡತಿಯ ಎರಡೂ ಪಾದಗಳನ್ನು ತನ್ನ ಅಂಗಿಯೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡುತ್ತಿದ್ದ. ಕೊಡಬಹುದಾದ ಮಾತ್ರೆ ಕೊಟ್ಟಾಗಿತ್ತು.

ಪೆಟ್ಟಿಗೆ ಊಟದ ಡೇರೆಯಲ್ಲಿತ್ತು. ಸ್ಥಳದ ಪಂಚನಾಮೆಗೆ ಅಡುಗೆಯವ ಪೆಮ್ ಮತ್ತು ಕುದುರೆಯವನಾದ ಮುದುಕ ದಾವ್ ಪಂಚರಾದರು. ಕೊಂಡಿ ಮುರಿದಿರಲಿಲ್ಲ. ಒಳಗೆ ದುರ್ಬೀನು, ಕ್ಯಾಮೆರಾ, ಔಷಧಿ ಎಲ್ಲವೂ ಹಾಗೇ ಇದ್ದವು. ಸಿಲಿಂಡರ್, ಕೊಳವೆ, ಮುಖವಾಡ ಮಾತ್ರ ಇಲ್ಲ.

"ಕೊನೇ ಸಲ ನೋಡಿದ್ದು?"

"ಹದಿಮೂರನೇ ತಾರೀಖು ಸಂಜೆ" ಎಂದ ಜುರ್ಮಿ. "ಪ್ರವಾಸಿಗರಿಗೆ ಹೇಗೆ ಬಳಸೋದು ಅಂತ ತೋರಿಸ್ಬೇಕಲ್ಲ. ಪೆಮ್ ಮುಖಕ್ಕೇ ಕಟ್ಟಿ ತೋರಿಸಿದೆ."

"ನನ್ನ ಮುಖ ನೋಡಿ ಎಲ್ಲರೂ ನಕ್ಕಿದ್ದೇ ನಕ್ಕಿದ್ದು" ಎಂದ ಪೆಮ್. "ಊರ ಹೆಂಗಸರೂ ಬಂದಿದ್ರು, ನೇಯ್ದ ಪಟ್ಟಿ ಮಾರೋಕೆ. ಕತ್ತೆಗೆ ಮೂತಿಚೀಲ ಕಟ್ಟಿದಾರೆ ಅಂದ್ರು."

"ಎಷ್ಟು ಜನ?"

"ಮೂರು."

"ಯಾರ್ಯಾರು?"

"ಬಿದಿರು ಟೋಪಿ, ಕೆಳಗೆ ಹೊಗೆ ಹಿಡಿದ ಮುಖ. ನಾನು ಪಟ್ಟಣದವನು ದಾಶೊ, ನನಗೆ ಎಲ್ಲರೂ ಒಂದೇ ಥರ ಕಾಣ್ತಾರೆ." ಪೆಮ್ ತಲೆ ಕೆರೆದುಕೊಂಡ. "ಒಬ್ಬಳು ಮಾತ್ರ ನಗಲಿಲ್ಲ. ಇದು ಚಿಕ್ಕೋರಿಗೂ ಆಗುತ್ತಾ ಅಂತ ಕೇಳಿದ್ಲು. ಆಗುತ್ತೆ ಅಂದೆ."

ಫುಬ್ ತಲೆಯೆತ್ತಿದರು.

"ನಿನ್ನೆ ಇಲ್ಲಿ ಯಾರಿದ್ರು?"

"ಅವರೆಲ್ಲ ಎಂಟೂವರೆಗೆ ದೇಗುಲ ನೋಡೋಕೆ ಹೋದ್ರು, ಮೂರು ಗಂಟೆಗೆ ಬಂದ್ರು. ನಾನೊಬ್ಬನೇ ಇದ್ದೆ."

"ಎಚ್ಚರವಾಗಿದ್ಯಾ?"

ಮುದುಕ ದಾವ್ ಉತ್ತರಿಸಿದ: "ನಾವು ವಾಪಸ್ ಬರೋ ಹೊತ್ತಿಗೆ ಇವನ ಗೊರಕೆಗೆ ನನ್ನ ಕುದುರೆಗಳು ಹೊಳೆ ದಾಟಿ ಹೋಗಿದ್ವು."

ತಾಂಡಿನ್ ಅಡುಗೆ ಡೇರೆಯ ಸುತ್ತ ನೋಡುತ್ತಿದ್ದ. ಡೇರೆಯ ಕಂಬಕ್ಕೆ ಛುಗೋ ಸರಗಳು ನೇತಾಡುತ್ತಿದ್ದವು. ಯಾಕ್ ಹಾಲನ್ನು ಗಟ್ಟಿ ಮಾಡಿ, ದಾರಕ್ಕೆ ಪೋಣಿಸಿ, ಹೊಗೆಯಲ್ಲಿ ಕಲ್ಲಾಗುವಂತೆ ಒಣಗಿಸಿದ ತುಂಡುಗಳು.

"ಇಷ್ಟೆಲ್ಲ ನೀನು ಕೊಂಡಿದ್ದಾ?"

"ನಾನ್ಯಾಕೆ ಕೊಳ್ಳಲಿ? ಜುರ್ಮಿ ಕೊಂಡಿರ್ತಾನೆ ಅಂದ್ಕೊಂಡೆ."

"ನಾನು ಕೊಂಡಿಲ್ಲ" ಎಂದ ಜುರ್ಮಿ.

ಹನ್ನೊಂದು ಸರಗಳಿದ್ದವು. ಒಂದು ಮನೆಯ ಚಳಿಗಾಲದ ಪೂರ್ತಿ ದಾಸ್ತಾನು. ತಾಂಡಿನ್ ಸರದ ಗಂಟನ್ನು ಬೆಳಕಿಗೆ ಹಿಡಿದ. ಕೆಂಪು ಮತ್ತು ಹಳದಿ ಉಣ್ಣೆ ಹೊಸೆದ ದಾರ.

"ಸರ್, ಇದು ಕಿವಿಗೊಂಡೆಯ ಉಣ್ಣೆ. ಇಲ್ಲಿ ಪ್ರತಿ ಮನೆಯವರೂ ತಮ್ಮ ಯಾಕ್‌ಗಳ ಕಿವಿಗೆ ತಮ್ಮದೇ ಬಣ್ಣದ ಗೊಂಡೆ ಕಟ್ತಾರೆ. ಉಳಿದ ಉಣ್ಣೆ ಇಂಥದ್ದಕ್ಕೆ ಬಳಸ್ತಾರೆ. ಕೆಂಪು ಹಳದಿ ಅಂದ್ರೆ ಮೇಲಿನ ಹುಲ್ಲುಗಾವಲಿನ ಅಜ್ಜಿ ನಾಕುಮ್ ಮನೆ."

"ಆ ಮನೇಲಿ ಯಾರಿದ್ದಾರೆ?"

"ಅಜ್ಜಿ, ಸೊಸೆ ಬಿದಾ. ಮಗ ಯಾಕ್ ಹೊಡ್ಕೊಂಡು ಆಚೆ ಕಣಿವೆಗೆ ಹೋಗಿದಾನೆ." ಸ್ವಲ್ಪ ತಡೆದು ಸೇರಿಸಿದ: "ಹೋದ ತಿಂಗಳು ಹೆರಿಗೆ ಆಗಿದೆ."

ಛಿಮಿ ಬರೆಯುವುದನ್ನು ನಿಲ್ಲಿಸಿದಳು.

ಮೇಲಿನ ಹುಲ್ಲುಗಾವಲಿಗೆ ಒಂದು ಗಂಟೆಯ ಏರು. 9 ಗಂಟೆ 50ಕ್ಕೆ ಯಾಕ್ ಕೂದಲಿನ ಕಪ್ಪು ಡೇರೆ ಕಂಡಿತು. ಅಜ್ಜಿ ನಾಕುಮ್ ಹೊರಗೆ ಕೂತು ಜಪಚಕ್ರ ತಿರುಗಿಸುತ್ತಿದ್ದಳು.

"ಮೂರು ಜನ ಪೊಲೀಸರು! ನಮ್ಮ ಯಾಕ್ ಯಾರ ಹೆಂಡ್ತೀನ ಓಡಿಸ್ಕೊಂಡು ಬಂತು?"

"ಸೊಸೆ ಎಲ್ಲಿ ಅಜ್ಜಿ?"

"ಮಗೂಗೆ ಹುಷಾರಿಲ್ಲ. ಒಳಗೆ ಬರಬೇಡಿ. ಗಾಳಿ ಸೋಕುತ್ತೆ."

ಆಗ ಸದ್ದು ಕೇಳಿತು. ತೆಳುವಾದ, ಬಿಡದ ಸದ್ದು, ಹಲ್ಲುಗಳ ನಡುವೆ ಗಾಳಿ ಎಳೆದಂತೆ. ಫುಬ್ ತಲೆ ತಗ್ಗಿಸಿ ಒಳಗೆ ಹೋದರು.

ಒಲೆಯಿಂದ ದೂರದಲ್ಲಿ ಬಿದಾ ಕೂತಿದ್ದಳು. ಇಪ್ಪತ್ತಮೂರರ ಹೆಣ್ಣು. ಮಡಿಲಲ್ಲಿ ಮಗು. ದೊಡ್ಡವರ ಮುಖವಾಡ ಆ ಮಗುವಿನ ಹಣೆಯಿಂದ ಕುತ್ತಿಗೆಯವರೆಗೆ ಮುಚ್ಚಿತ್ತು. ಅಂಚಿನ ಸಂದಿಗೆಲ್ಲ ಮೆತ್ತಗಿನ ಕುರಿಯುಣ್ಣೆ ತುರುಕಿದ್ದಳು. ಪೊಲೀಸರನ್ನು ಕಂಡು ಅವಳು ಏಳಲಿಲ್ಲ. ಮುಖವಾಡ ಹಿಡಿದ ಕೈಯನ್ನೂ ತೆಗೆಯಲಿಲ್ಲ.

ತಾಂಡಿನ್ ಸಿಲಿಂಡರಿನ ಮುಳ್ಳು ನೋಡಿದ. "ಕಾಲುಭಾಗಕ್ಕಿಂತ ಕಡಿಮೆ ಇದೆ ಸರ್." ಅವನ ಕೈ ತಿರುಗಣೆಯ ಕಡೆ ಹೋಯಿತು.

"ತಡಿ" ಎಂದರು ಫುಬ್.

ಛಿಮಿ ಮಂಡಿಯೂರಿ ಮಗುವಿನ ಹೊದಿಕೆ ಸರಿಸಿದಳು. ಪ್ರತಿ ಉಸಿರಿಗೂ ಪಕ್ಕೆಯ ಕೆಳಗಿನ ಚರ್ಮ ಒಳಕ್ಕೆ ಸೆಳೆದು ಗುಳಿ ಬೀಳುತ್ತಿತ್ತು. "ನ್ಯುಮೋನಿಯಾ ಇರ್ಬೇಕು ಸರ್. ನನ್ನ ಮಗನಿಗೂ ಹೀಗೇ ಆಗಿತ್ತು."

"ಯಾವತ್ತಿಂದ?" ಫುಬ್ ಕೇಳಿದರು.

"ಶನಿವಾರದಿಂದ."

"ಸಿಲಿಂಡರ್ ಯಾವಾಗ ತಂದೆ?"

"ನಿನ್ನೆ ಮಧ್ಯಾಹ್ನ. ತುಟಿ ಕಪ್ಪಾದಾಗ ಗಾಳಿ ಬಿಡ್ತೀನಿ. ಕೆಂಪಾದ್ರೆ ನಿಲ್ಲಿಸ್ತೀನಿ."

"ಕದ್ದಿದ್ದು ತಾನೆ?"

"ಹೌದು. ಛುಗೋ ಇಟ್ಟು ಬಂದಿದೀನಿ. ಮೂರು ದಿನ ಆದ್ಮೇಲೆ ಇದನ್ನೂ ವಾಪಸ್ ಇಡ್ತಿದ್ದೆ."

"ಅಲ್ಲಿ ಒಬ್ಬಮ್ಮನಿಗೆ ಉಸಿರು ನಿಲ್ತಾ ಇದೆ. ಅವರದ್ದು ಇದು."

ಬಿದಾ ಮೊದಲ ಬಾರಿಗೆ ಅವರ ಮುಖ ನೋಡಿದಳು. "ಮೊನ್ನೆ ಎಲ್ಲರೂ ನಗ್ತಾ ಇದ್ರಲ್ಲ. ಅವರಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಆಟಕ್ಕೆ ಇಟ್ಕೊಂಡಿದಾರೆ ಅಂದ್ಕೊಂಡೆ."

"ಗೆಮ್ಜಿಗೆ ಯಾಕೆ ಹೋಗ್ಲಿಲ್ಲ? ಘಟ್ಟದ ದಾರಿ ತೆರೆದೇ ಇತ್ತು."

ಉತ್ತರ ಬಂದದ್ದು ಡೇರೆಯ ಬಾಗಿಲಿನಿಂದ. "ಜೋಯಿಸರನ್ನ ಕೇಳಿದ್ವಿ" ಎಂದಳು ಅಜ್ಜಿ. "ಈ ಮಗೂಗೆ ಬುಧವಾರ ಮುಗಿಯೋ ತನಕ ದಕ್ಷಿಣ ಮುಚ್ಚಿದೆ ಅಂದ್ರು. ಹೋದ್ರೆ ಹಿಂದಿರುಗಲ್ಲ ಅಂದ್ರು."

"ಜೋಯಿಸರ ಮಾತಿಗೆ ಮಗು ಸಾಯ್ಲಿ ಅಂತ ಬಿಡ್ತೀರಾ?" ತಾಂಡಿನ್ ರೇಗಿದ.

"ಹೋದ ವರ್ಷ ಕೇಳಲಿಲ್ಲ" ಎಂದಳು ಬಿದಾ. ಅವಳ ದನಿ ಏರಲಿಲ್ಲ. "ಮೊದಲನೆಯವನಿಗೆ ಜ್ವರ ಬಂದಾಗ ಅತ್ತೆ ಬೇಡ ಅಂದ್ರು, ದಿಕ್ಕು ಸರಿಯಿಲ್ಲ ಅಂದ್ರು. ನಾನು ಹಟ ಮಾಡಿ ಬೆನ್ನಿಗೆ ಕಟ್ಕೊಂಡು ಹೊರಟೆ. ಘಟ್ಟದ ನೆತ್ತಿ ಮೇಲೆ ಇಳಿಸಿ ನೋಡಿದ್ರೆ ತಣ್ಣಗಾಗಿದ್ದ. ಅಲ್ಲಿಂದ ಮುಂದೆ ಹೋಗ್ಬೇಕೋ ವಾಪಸ್ ಬರ್ಬೇಕೋ ಗೊತ್ತಾಗ್ಲಿಲ್ಲ ದಾಶೊ."

ಸಿಲಿಂಡರ್ ಮಾತ್ರ ಸದ್ದು ಮಾಡುತ್ತಿತ್ತು.

"ಇದೊಂದು ಮೂರು ದಿನ ಉಸಿರಾಡಿದ್ರೆ ಸಾಕಿತ್ತು" ಎಂದಳು ಅವಳು. "ಗುರುವಾರ ನಾನೇ ಎತ್ಕೊಂಡು ಹೋಗ್ತಿದ್ದೆ."

ಗುರುವಾರದವರೆಗೆ ಆ ಮಗು ಉಳಿಯುವುದಿಲ್ಲ ಎಂದು ಛಿಮಿಯ ಮುಖ ಹೇಳುತ್ತಿತ್ತು. ಬಲವಂತವಾಗಿ ಸಿಲಿಂಡರ್ ಕಿತ್ತುಕೊಂಡು ಇಳಿಯುವುದು ಫುಬ್‌ಗೆ ಕಷ್ಟವಿರಲಿಲ್ಲ. ಕಾನೂನಿನ ಪ್ರಕಾರ ಅದು ಮುದ್ದೆಮಾಲು. ಅವರು ಒಂದು ನಿಮಿಷ ಒಲೆಯನ್ನೇ ನೋಡಿದರು. ಆಮೇಲೆ ಜೇಬಿನಿಂದ ನೋಟ್‌ಬುಕ್ ತೆಗೆದರು.

"ಬಿದಾ, ಕಳ್ಳತನದ ಆರೋಪದ ಮೇಲೆ ನಿನ್ನನ್ನ ದಸ್ತಗಿರಿ ಮಾಡ್ತಾ ಇದೀನಿ. ಸಮಯ ಹತ್ತು ಗಂಟೆ ಇಪ್ಪತ್ತು. ಗೆಮ್ಜಿ ಠಾಣೆಗೆ ಕರ್ಕೊಂಡು ಹೋಗ್ತೀನಿ. ಹಾಲು ಕುಡಿಯೋ ಮಗು ತಾಯಿ ಜೊತೇಲೇ ಬರುತ್ತೆ."

"ದಕ್ಷಿಣಕ್ಕಾ?" ಅವಳು ಮಗುವನ್ನು ಎದೆಗೆ ಒತ್ತಿಕೊಂಡಳು. "ನಾನು ಬರಲ್ಲ. ಹೊಡೀರಿ, ಬರಲ್ಲ."

"ಕೇಳಿಲ್ಲಿ. ನೀನು ಹೋಗ್ತಾ ಇಲ್ಲ. ನಾನು ಒಯ್ತಾ ಇದೀನಿ. ಹಗ್ಗ ಕಟ್ಟಿ ಎಳೆದ ಯಾಕ್‌ಗೆ ದಿಕ್ಕು ಯಾರಾದ್ರೂ ಕೇಳ್ತಾರಾ? ಈ ಪ್ರಯಾಣ ನನ್ನದು. ದೋಷ ಇದ್ರೆ ಒಯ್ಯೋನಿಗೆ."

ಬಿದಾ ಅತ್ತೆಯ ಕಡೆ ನೋಡಿದಳು. ಅಜ್ಜಿಯ ಜಪಚಕ್ರ ನಿಂತಿತ್ತು.

"ಬರೆದು ಕೊಡ್ತೀಯಾ?" ಕೇಳಿದಳು ಅಜ್ಜಿ.

ಫುಬ್ ದಸ್ತಗಿರಿ ಪತ್ರದ ಪ್ರತಿಯ ಕೆಳಗೆ ಬರೆದು ಓದಿ ಹೇಳಿದರು: ಈ ತಾಯಿ ಮತ್ತು ಮಗುವಿನ ದಕ್ಷಿಣ ದಿಕ್ಕಿನ ಪ್ರಯಾಣದ ಪೂರ್ಣ ಹೊಣೆ ನನ್ನದು. ಸಹಿ ಹಾಕಿದರು. ಓದು ಬಾರದ ಅಜ್ಜಿ ಕಾಗದ ಮಡಚಿ ಎದೆಯ ಹತ್ತಿರ ಸೇರಿಸಿಕೊಂಡು, ಒಳಗಿನಿಂದ ತನ್ನ ಕಂಬಳಿ ತಂದು ಸೊಸೆಯ ಹೆಗಲಿಗೆ ಹೊದಿಸಿದಳು.

ಇಳಿಯುವಾಗ ತಾಂಡಿನ್ ಮೆಲ್ಲಗೆ ಹೇಳಿದ, "ಹೊಣೆ ಬರೆದು ಕೊಟ್ಟುಬಿಟ್ರಿ. ನಿಮಗೂ ಇಬ್ಬರು ಮಕ್ಕಳಿದ್ದಾರಲ್ಲ ಸರ್."

"ದಾರಿ ನೋಡ್ಕೊಂಡು ನಡಿ" ಎಂದರು ಫುಬ್.

11 ಗಂಟೆ 30ಕ್ಕೆ ಕ್ಯಾಂಪ್. ಹಾನ್ನೆಕೆ ಈಗ ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ಮಗುವಿನ ಮುಖದ ಮೇಲೆ ಮುಖವಾಡ ಕಂಡ ಜುರ್ಮಿ ಬಿದಾಳ ಮೇಲೆ ಎಗರಿದ.

"ಇಂಥ ಕೆಲಸ ಮಾಡಿ ಮುಖ ತೋರಿಸ್ತೀಯಲ್ಲ! ಅದು ನಮ್ಮ ಸಿಲಿಂಡರ್!"

"ನಿಮ್ಮವು ಎಷ್ಟಿರಬೇಕಿತ್ತು?" ಫುಬ್ ಕೇಳಿದರು.

ಜುರ್ಮಿಯ ದನಿ ಇಳಿಯಿತು. "ಎರಡು. ಇನ್ನೊಂದು ತುಂಬಿಸೋಕೆ ಕೊಟ್ಟಿದ್ವಿ. ಸಮಯಕ್ಕೆ ಬರಲಿಲ್ಲ. ಒಂದೇ ಸಾಕಾಗುತ್ತೆ ಅಂತ ಹೊರಟುಬಿಟ್ಟೆ ದಾಶೊ."

"ಅದನ್ನೂ ಬರ್ಕೋ" ಎಂದರು ಛಿಮಿಗೆ.

11 ಗಂಟೆ 45ಕ್ಕೆ ಸ್ಟ್ರೆಚರ್ ಹೊರಟಿತು. ಫುಬ್, ತಾಂಡಿನ್, ಪೆಮ್, ಜುರ್ಮಿ ಹೊತ್ತರು. ಮುದುಕ ದಾವ್ ಉಳಿದ ಪ್ರವಾಸಿಗರನ್ನು ಕುದುರೆಗಳ ಜೊತೆ ಹಿಂದೆ ಕರೆತಂದ. ಬಿದಾ ಸ್ಟ್ರೆಚರಿನ ಪಕ್ಕಕ್ಕೇ ನಡೆದಳು. ಬೇಡಿ ಹಾಕಿರಲಿಲ್ಲ. ಛಿಮಿಯ ಗಡಿಯಾರದ ಪ್ರಕಾರ ಹತ್ತು ನಿಮಿಷ ಹಾನ್ನೆಕೆಗೆ, ಐದು ನಿಮಿಷ ಮಗುವಿಗೆ, ಮಧ್ಯೆ ಇಬ್ಬರಿಗೂ ಇಲ್ಲದ ಹತ್ತು ನಿಮಿಷ. ಮುಖವಾಡ ಮಗುವಿನಿಂದ ಆಕೆಗೆ ದಾಟಿಸುವ ಪ್ರತಿ ಸಲವೂ ಬಿದಾಳೇ ಅದನ್ನು ತೆಗೆದು ಕೊಟ್ಟಳು. ಒಮ್ಮೆಯೂ ತಡಮಾಡಲಿಲ್ಲ. ವಿಲ್ಲೆಮ್ ಪ್ರತಿ ಸಲವೂ ಅವಳ ಕೈಯನ್ನೇ ನೋಡುತ್ತಿದ್ದ.

1 ಗಂಟೆ 50ಕ್ಕೆ ಮುಳ್ಳು ಸೊನ್ನೆಗೆ ಬಂತು. ಘಟ್ಟದ ನೆತ್ತಿ ಇನ್ನೂ ಮುಕ್ಕಾಲು ಗಂಟೆ ದೂರವಿತ್ತು. ಖಾಲಿ ಸಿಲಿಂಡರನ್ನು ತಾಂಡಿನ್ ಚೀಲಕ್ಕೆ ಹಾಕಿದ. ಆಮೇಲೆ ಮಾಡುವುದಕ್ಕೆ ಇದ್ದದ್ದು ನಡೆಯುವುದೊಂದೇ. ನೆತ್ತಿಯ ಮೇಲೆ, ಪ್ರಾರ್ಥನೆಯ ಬಾವುಟಗಳ ಕೆಳಗೆ, ಬಿದಾಳ ಕಾಲು ನಿಂತುಬಿಟ್ಟಿತು. ಅವಳು ಕಂಬಳಿ ಸರಿಸಿ ನೋಡಲು ಹೆದರಿ ನಿಂತಿದ್ದಳು. ಛಿಮಿ ಕೈ ಹಾಕಿ ನೋಡಿದಳು.

"ಬೆಚ್ಚಗಿದೆ ಕಣೇ. ನಡಿ."

ಸಂಜೆ 5 ಗಂಟೆ 10ಕ್ಕೆ ಗೆಮ್ಜಿ ಆರೋಗ್ಯ ಕೇಂದ್ರ ಸೇರಿದರು. ಇಬ್ಬರೂ ಉಸಿರಾಡುತ್ತಿದ್ದರು.

ಆರೂವರೆಗೆ ವರಾಂಡದಲ್ಲಿ ವಿಲ್ಲೆಮ್‌ನ ಹೇಳಿಕೆ ದಾಖಲಾಯಿತು. ಜುರ್ಮಿ ಭಾಷಾಂತರ ಮಾಡಿದ. ಎಲ್ಲ ಮುಗಿದ ಮೇಲೆ ವಿಲ್ಲೆಮ್ ಒಂದು ಪ್ರಶ್ನೆ ಕೇಳಿದ. ಫುಬ್ ಜುರ್ಮಿಯ ಕಡೆ ತಿರುಗಿದರು.

"ಏನಂತೆ?"

"ಎರಡು ಸಿಲಿಂಡರ್ ತಂದಿದ್ರೆ ಇಬ್ಬರಿಗೂ ಸಾಕಾಗ್ತಿತ್ತಾ ಅಂತ ಕೇಳ್ತಾ ಇದಾರೆ" ಎಂದ ಜುರ್ಮಿ, ನೆಲ ನೋಡುತ್ತ.

"ಸಾಕಾಗ್ತಿತ್ತು ಅಂತ ಹೇಳು."

ಜುರ್ಮಿ ಹೇಳಿದ. ವಿಲ್ಲೆಮ್ ಸಹಿ ಹಾಕಿ ಒಳಗೆ ಹೋದ.

ಮರುದಿನ ಬೆಳಿಗ್ಗೆ ಹೆಲಿಕಾಪ್ಟರ್ ಬಂದು ಹಾನ್ನೆಕೆಯನ್ನು ಥಿಂಪುವಿಗೆ ಒಯ್ದಿತು. 17ರಂದು ಬೆಳಿಗ್ಗೆ 11 ಗಂಟೆ 20ಕ್ಕೆ ಗೆಮ್ಜಿ ಠಾಣೆಗೆ ಸಂದೇಶ ಬಂತು: ರೋಗಿ 9 ಗಂಟೆ 05ಕ್ಕೆ ಮೃತಪಟ್ಟಿದ್ದಾರೆ. FIRಗೆ ಸಾವಿಗೆ ಕಾರಣವಾದ ಆರೋಪ ಸೇರಿತು. ಎರಡನೆಯ ಆರೋಪಿಯಾಗಿ ಜುರ್ಮಿಯ ಹೆಸರೂ ಸೇರಿತು.

ಬಿದಾಳಿಗೆ ಹೇಳುವ ಕೆಲಸ ಫುಬ್ ಬೇರೆಯವರಿಗೆ ಬಿಡಲಿಲ್ಲ. ಎರಡು ಗಂಟೆಗೊಮ್ಮೆ ಅವಳನ್ನು ಎದುರಿನ ಆರೋಗ್ಯ ಕೇಂದ್ರಕ್ಕೆ ಹಾಲೂಡಿಸಲು ಕರೆದೊಯ್ಯುತ್ತಿದ್ದರು. ಮಗುವಿನ ಜ್ವರ ಇಳಿದಿತ್ತು. ಅವಳು ಆಗ ತಾನೇ ಹಿಂದಿರುಗಿ, ಲಾಕಪ್ಪಿನ ಬೆಂಚಿನ ಮೇಲೆ ಕೂತಿದ್ದಳು.

"ಆ ಅಮ್ಮ ಹೋಗಿಬಿಟ್ರು."

ಬಿದಾ ಹೆಗಲ ಮೇಲಿನ ಕಂಬಳಿ ತೆಗೆದು ಮಡಚಿ ಪಕ್ಕಕ್ಕಿಟ್ಟಳು. ಶಿಕ್ಷೆ ಎಷ್ಟು ಎಂದು ಕೇಳಲಿಲ್ಲ.

"ಅವರು ಯಾವ ವರ್ಷದಲ್ಲಿ ಹುಟ್ಟಿದ್ದು?"

"ಯಾಕೆ?"

"ಸತ್ತೋರಿಗೆ ನಲವತ್ತೊಂಬತ್ತು ದಿನ ದೀಪ ಇಡ್ಬೇಕಲ್ಲ ದಾಶೊ. ಹುಟ್ಟಿದ ವರ್ಷ ಗೊತ್ತಿಲ್ಲದೆ ಯಾರ ಹೆಸರಲ್ಲಿ ಇಡ್ಲಿ? ಅವರ ಊರಲ್ಲಿ ಇಡೋರು ಇದ್ದಾರೋ ಇಲ್ವೋ."

ಫುಬ್ ಥಿಂಪುವಿಗೆ ಫೋನ್ ಮಾಡಿಸಿದರು. ವಿಲ್ಲೆಮ್‌ನಿಂದ ಉತ್ತರ ಬಂತು: 1953, ಜೂನ್. ಛಿಮಿ ಬೆರಳೆಣಿಸಿ ಹೇಳಿದಳು, ನಮ್ಮ ಪಂಚಾಂಗದಲ್ಲಿ ಅದು ನೀರು-ಹಾವಿನ ವರ್ಷ.

ಆ ಸಂಜೆ ಫುಬ್ ತನಿಖಾ ವರದಿ ಬರೆದು ಮುಗಿಸಿದರು. ಅಪರಾಧದ ಉದ್ದೇಶ ಎಂಬ ಅಂಕಣದಲ್ಲಿ ಹಲವು ಸಲ ಬರೆದು ಹೊಡೆದುಹಾಕಿ, ಕೊನೆಗೆ ಹೀಗೆ ಬರೆದರು: "ಆರೋಪಿಯ ಒಂದು ಮಗು ಘಟ್ಟದ ಮೇಲೆ ತೀರಿಕೊಂಡಿತ್ತು. ಎರಡನೆಯದನ್ನು ಗುರುವಾರದ ತನಕ ಉಳಿಸಿಕೊಳ್ಳಬೇಕಿತ್ತು."

ಅಂದು ಗುರುವಾರ.

ಲಾಕಪ್ಪಿನೊಳಗೆ ಬೆಂಕಿ ಹಚ್ಚುವಂತಿಲ್ಲ. ಆದ್ದರಿಂದ ಬಿದಾ ಸರಳುಗಳ ಒಳಗೆ ನಿಂತು ಮಂತ್ರ ಹೇಳಿದಳು. ಛಿಮಿ ಠಾಣೆಯ ಪೂಜಾಪೀಠದ ಮುಂದೆ ಬೆಣ್ಣೆಯ ದೀಪ ಹಚ್ಚಿದಳು. ಆಮೇಲೆ ಸ್ಟೇಷನ್ ಡೈರಿ ತೆರೆದು ಬರೆದಳು: ಸಮಯ 6 ಗಂಟೆ 15. ಹಾನ್ನೆಕೆ, ನೀರು-ಹಾವಿನ ವರ್ಷ. ಮೊದಲನೆಯ ದಿನ.