ಅಜ್ಜಿಯ ಮಾಬಿಗೆ ಏನಾಯಿತು

ನೆರಿಸಾ ಅಡುಗೆಮನೆಯ ಬಾಗಿಲನ್ನು ಮತ್ತೊಮ್ಮೆ ತಳ್ಳಿದಳು. ಬಾಗಿಲು ಅಲುಗಲಿಲ್ಲ. ಒಳಗಿನಿಂದ ಚಿಲಕ ಹಾಕಿತ್ತು.

ಹೀಗೆ ಯಾವತ್ತೂ ಆಗಿರಲಿಲ್ಲ. ಅಜ್ಜಿ ಅಡುಗೆ ಮಾಡುವಾಗ ಬಾಗಿಲು ಹಾರುಹೊಡೆದಿರುತ್ತಿತ್ತು. ಅಕ್ಕಪಕ್ಕದವರು, ಅವರ ಮಕ್ಕಳು, ಒಮ್ಮೊಮ್ಮೆ ಅವರ ಕೋಳಿಗಳೂ ಒಳಗೆ ಬಂದು ಹೋಗುತ್ತಿದ್ದವು.

“ಅಜ್ಜಿ, ನಾನು. ಬಾಗಿಲು ತೆಗಿ.”

ಒಳಗೆ ಮಾತಾಡುತ್ತಿದ್ದವರು ತಟ್ಟನೆ ಸುಮ್ಮನಾದರು. ಚಮಚ ಪಾತ್ರೆಗೆ ತಾಗಿದ ಸದ್ದು ಕೇಳಿಸಿತು. ಆಮೇಲೆ ಚಿಲಕ ಸರಿಯಿತು. ಹೊರಗೆ ಬಂದದ್ದು ಅಜ್ಜಿಯಲ್ಲ, ಪಕ್ಕದ ಮನೆಯ ವರ್ನಾ ಟಾಂಟಿ. ಅತ್ತೆ ಎನ್ನುವ ಹಾಗೆ ಊರಿನ ಮಕ್ಕಳೆಲ್ಲ ಅವಳಿಗೆ ಟಾಂಟಿ ಎನ್ನುತ್ತಿದ್ದರು. ಟಾಂಟಿ ಸೆರಗಿನಷ್ಟು ಉದ್ದದ ತನ್ನ ಏಪ್ರನ್ನಿನಿಂದ ಬಾಯಿ ಒರೆಸಿಕೊಂಡಳು. ನೆರಿಸಾಳ ಮುಖ ನೋಡದೆ ಬೇಲಿಯ ಸಂದಿಯಲ್ಲಿ ನುಸುಳಿ ತನ್ನ ಅಂಗಳಕ್ಕೆ ಹೋಗಿಬಿಟ್ಟಳು.

ಟಾಂಟಿ ಯಾಕೆ ಬಂದಿದ್ದರು ಎಂದು ನೆರಿಸಾ ಕೇಳಿದಳು.

“ಉಪ್ಪು ಕೇಳೋಕೆ,” ಎಂದಳು ಅಜ್ಜಿ. ಅವಳು ಒಲೆಯ ಕಡೆಗೆ ತಿರುಗಿ ನಿಂತಿದ್ದಳು.

ಆದರೆ ಬೇಲಿ ದಾಟುವಾಗ ಟಾಂಟಿಯ ಎರಡೂ ಕೈ ಖಾಲಿಯಿದ್ದವು. ನೆರಿಸಾ ನೋಡಿದ್ದಳು.

ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಮಾಬಿ ಕುದಿಯುತ್ತಿತ್ತು. ಮಾಬಿ ಮರದ ತೊಗಟೆಯ ಜೊತೆ ಚಕ್ಕೆ, ಲವಂಗ, ಚಕ್ರಮೊಗ್ಗು, ಒಣಗಿದ ಕಿತ್ತಳೆ ಸಿಪ್ಪೆ. ಕುದಿಸಿ, ಆರಿಸಿ, ಸೋಸಿ, ನೀರು ಸಕ್ಕರೆ ಬೆರೆಸಿ, ಚೊಂಬಿನಿಂದ ಎತ್ತರಕ್ಕೆ ಎತ್ತಿ ಸುರಿದರೆ ನೊರೆ ಬರುತ್ತದೆ. ಕುಡಿದರೆ ಮೊದಲು ಸಿಹಿ, ನುಂಗಿದ ಮೇಲೆ ಕಹಿ. ಸಮುದ್ರದ ದಂಡೆಯ ಆ ಊರಿನಲ್ಲಿ ಪ್ರತಿ ಶನಿವಾರ ಮಾರ್ಕೆಟ್ಟಿನ ಮೂಲೆಯಲ್ಲಿ ಅಜ್ಜಿ ಅದನ್ನು ಮಾರುತ್ತಿದ್ದಳು. ಯೂಡೀನ್ ಅಜ್ಜಿಯ ಮಾಬಿಯಂಥದ್ದು ಇಡೀ ಗ್ರೆನಡಾ ದ್ವೀಪದಲ್ಲೇ ಇಲ್ಲ ಎಂದು ಬಸ್ ಡ್ರೈವರ್‌ಗಳು ಹೇಳುತ್ತಿದ್ದರು.

ಹಾಗೆ ಹೇಳದೆ ಇದ್ದವಳು ವರ್ನಾ ಟಾಂಟಿ ಒಬ್ಬಳೇ. ಹಿಂದೆ ಅವಳೂ ಮಾಬಿ ಮಾರುತ್ತಿದ್ದಳಂತೆ. ಜನರೆಲ್ಲ ಅಜ್ಜಿಯ ಕಡೆಗೇ ಹೋಗತೊಡಗಿದಾಗ ನಿಲ್ಲಿಸಿದಳಂತೆ. ಈಗಲೂ ಒಲೆಯ ಹೊಗೆ ಕಂಡರೆ ಸಾಕು, ಬೇಲಿಯ ಆಚೆಯಿಂದ ಶುರು ಮಾಡುತ್ತಿದ್ದಳು.

“ಯೂಡೀನ್, ತೊಗಟೆ ಕುದಿಸ್ತಿದ್ದೀಯೋ, ಹಳೇ ಚಪ್ಪಲಿ ಕುದಿಸ್ತಿದ್ದೀಯೋ?”

“ಚಪ್ಪಲಿ ನಿಂದೇ ವರ್ನಾ. ಒಂದೇ ಕಾಲಿಂದು ಸಿಕ್ತು, ಇನ್ನೊಂದು ಕಳಿಸು.”

ಇಂಥ ಟಾಂಟಿ ಈಗ ಬಾಗಿಲು ಹಾಕಿಕೊಂಡು ಅಜ್ಜಿಯ ಜೊತೆ ಪಿಸುಪಿಸು ಮಾತಾಡುವುದೆಂದರೆ? ನೆರಿಸಾಳಿಗೆ ಅದು ಸರಿಕಾಣಲಿಲ್ಲ.

ಮರುದಿನ ಸ್ಕೂಲಿನಲ್ಲಿ ಊಟದ ಹೊತ್ತಿಗೆ ಕೆಡ್ರನ್ ಅವಳ ಪಕ್ಕ ಬಂದು ಕೂತ. ಅವನು ಮೆತ್ತಗೆ ಮಾತಾಡುವವನಲ್ಲ.

“ನಿಮ್ಮಜ್ಜಿ ಮಾಬಿಗೆ ಏನಾಗಿದೆ? ಹೋದ ಶನಿವಾರ ಹಾಗಲಕಾಯಿ ಜ್ಯೂಸ್ ಥರ ಇತ್ತು. ನಮ್ಮಪ್ಪ ಅರ್ಧ ಗ್ಲಾಸ್ ಚರಂಡಿಗೆ ಚೆಲ್ಲಿದ್ರು.”

ನಿನ್ನ ನಾಲಿಗೆ ಸರಿ ಇಲ್ಲ ಎಂದು ನೆರಿಸಾ ಜಗಳಕ್ಕೆ ನಿಂತಳು. ಆದರೆ ಅವಳ ಕಿವಿ ಬಿಸಿಯಾಗಿತ್ತು. ಶನಿವಾರದ ಮಾಬಿಯನ್ನು ಅವಳೂ ಕುಡಿದಿದ್ದಳು. ಕಹಿ ಗಂಟಲಿಗೆ ಅಂಟಿಕೊಂಡು ಎಷ್ಟು ಹೊತ್ತಾದರೂ ಇಳಿದಿರಲಿಲ್ಲ. ಹೇಗಿದೆ ಎಂದು ಅಜ್ಜಿ ಕೇಳಿದಾಗ ‘ಸೂಪರ್’ ಎಂದಿದ್ದಳು. ಅಜ್ಜಿ ಮಾಡಿದ್ದಕ್ಕೆ ಅವಳು ಬೇರೆ ಏನೂ ಹೇಳುತ್ತಿರಲಿಲ್ಲ.

ಈ ಶನಿವಾರ ಸ್ಕೂಲಿನ ಸ್ಪೋರ್ಟ್ಸ್ ಡೇ. ಎಲ್ಲರಿಗೂ ಮಾಬಿ ಅಜ್ಜಿಯದೇ ಎಂದು ಹೆಡ್ ಟೀಚರ್ ಹೇಳಿದ್ದರು. ಅವತ್ತೂ ಹೀಗೇ ಆದರೆ ಇಡೀ ಸ್ಕೂಲು ಉಗುಳುತ್ತದೆ.

ತರಗತಿಯಲ್ಲಿ ಕೂತು ನೆರಿಸಾ ಒಂದೊಂದಾಗಿ ಜೋಡಿಸಿ ನೋಡಿದಳು. ಮಾಬಿ ಕೆಟ್ಟಿದೆ. ಟಾಂಟಿ ಗುಟ್ಟಾಗಿ ಬರುತ್ತಾಳೆ. ಉಪ್ಪಿನ ಮಾತು ಸುಳ್ಳು. ಲೆಕ್ಕ ಸರಿಹೋಗಿಬಿಟ್ಟಿತು.

ಅವತ್ತು ಮನೆಗೆ ಬಂದವಳು ಬಾಗಿಲಿಗೆ ಹೋಗಲಿಲ್ಲ. ಶೂ ಬಿಚ್ಚಿ ಕೈಯಲ್ಲಿ ಹಿಡಿದು, ಮನೆಯ ಹಿಂದೆ ಸುತ್ತಿ ಬಂದು, ಮಳೆನೀರಿನ ಡ್ರಮ್ಮಿನ ಮೇಲೆ ಹತ್ತಿದಳು. ಅಡುಗೆಮನೆಯ ಕಿಟಕಿ ಅಲ್ಲಿಂದ ಸರಿಯಾಗಿ ಕಾಣುತ್ತಿತ್ತು.

ಅಜ್ಜಿ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದಳು. ಒಲೆಯ ಮುಂದೆ ನಿಂತವಳು ವರ್ನಾ ಟಾಂಟಿ! ಅಮ್ಮನಿಗೂ ಅಜ್ಜಿ ಆ ಜಾಗ ಬಿಟ್ಟುಕೊಡುತ್ತಿರಲಿಲ್ಲ. ಟಾಂಟಿ ಚಮಚದಲ್ಲಿ ಸ್ವಲ್ಪ ತೆಗೆದು ನೆಕ್ಕಿ, ಮುಖ ಹಿಂಡಿದಳು. ಏಪ್ರನ್ನಿನ ಜೇಬಿನಿಂದ ಕಾಗದದ ಪೊಟ್ಟಣ ತೆಗೆದಳು. ಅದರಲ್ಲಿದ್ದದ್ದನ್ನು ಪಾತ್ರೆಗೆ ಸುರಿದಳು. ಅಜ್ಜಿ ಸುಮ್ಮನೆ ನೋಡುತ್ತಿದ್ದಳು.

ನೆರಿಸಾ ಸದ್ದಿಲ್ಲದೆ ಡ್ರಮ್ಮಿನಿಂದ ಇಳಿದಳು. ಟಾಂಟಿ ಏನೋ ಹೇಳಿ ಅಜ್ಜಿಯನ್ನು ಹೆದರಿಸಿಟ್ಟಿರಬೇಕು. ಇಲ್ಲದಿದ್ದರೆ ಅಜ್ಜಿ ಹಾಗೆ ಕೂರುವವಳಲ್ಲ.

ರಾತ್ರಿ ಊಟಕ್ಕೆ ಕೂತಾಗ, ಹೇಳುವುದಕ್ಕೇನಾದರೂ ಇದೆಯಾ ಎಂದು ಅಜ್ಜಿಯನ್ನು ಕೇಳಿದಳು. ಅಜ್ಜಿ ಅಮ್ಮನ ಕಡೆ ಒಮ್ಮೆ ನೋಡಿ, ಏನಿಲ್ಲ, ಬೇಗ ಊಟ ಮಾಡು ಎಂದಳು.

ಶುಕ್ರವಾರ ಸ್ಕೂಲಿನಿಂದ ಬಂದ ಕೂಡಲೇ ಅಜ್ಜಿ ಅವಳನ್ನು ಸಕ್ಕರೆ ತರಲು ಕಳಿಸಿದಳು. ಮೂಲೆಯ ಅಂಗಡಿಯಲ್ಲಿ ಜನ ಇದ್ದರು. ಮೀನು ಹಿಡಿಯುವವರು ಕಟ್ಟೆಯ ಮೇಲೆ ಕೂತು ಹರಟುತ್ತಿದ್ದರು. ಬ್ರೆಡ್ ತೆಗೆದುಕೊಂಡು ಹೊರಟಿದ್ದ ವರ್ನಾ ಟಾಂಟಿ, ನೆರಿಸಾಳನ್ನು ನೋಡಿ, ಅಜ್ಜಿ ಒಲೆ ಹಚ್ಚಿದಳಾ ಎಂದು ಕೇಳಿದಳು.

ಅಷ್ಟು ಸಾಕಾಯಿತು.

“ಅಜ್ಜಿ ಒಲೆ ಹಚ್ಚಿದ್ರೆ ನಿಮಗೇನು? ಮತ್ತೆ ಬಂದು ಏನಾದ್ರೂ ಹಾಕೋಕಾ?” ನೆರಿಸಾಳ ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. “ನಾನು ನೋಡಿದ್ದೀನಿ ಟಾಂಟಿ. ಪೊಟ್ಟಣದಲ್ಲಿ ತಂದು ಪಾತ್ರೆಗೆ ಹಾಕಿದ್ರಿ. ಅದಕ್ಕೇ ಅಜ್ಜಿ ಮಾಬಿ ಕೆಟ್ಟಿದ್ದು.”

ಕಟ್ಟೆಯ ಮೇಲಿನ ಹರಟೆ ನಿಂತುಹೋಯಿತು. ಅಂಗಡಿಯವನು ತೂಗುತ್ತಿದ್ದ ಸಕ್ಕರೆಯನ್ನು ಹಾಗೇ ಬಿಟ್ಟ. ಎಲ್ಲರೂ ಟಾಂಟಿಯನ್ನೇ ನೋಡಿದರು.

ಟಾಂಟಿ ಬೈಯುತ್ತಾಳೆ ಎಂದು ನೆರಿಸಾ ಕಾದಳು. ಊರಿಗೆಲ್ಲ ಬೈಯುವ ಬಾಯಿ ಅದು.

“ನಾನು ಯಾಕೆ ಬರ್ತೀನಿ ಅಂತ ನಿನ್ನಜ್ಜಿ ಹೇಳಿದ್ಲು?” ಎಂದು ಟಾಂಟಿ ಮೆತ್ತಗೆ ಕೇಳಿದಳು.

“ಉಪ್ಪಿಗೆ ಅಂತ.”

ಟಾಂಟಿ ಬ್ರೆಡ್ಡನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

“ಹಾಗಾದ್ರೆ ಉಪ್ಪಿಗೇ ಬರ್ತೀನಿ.”

ಅಷ್ಟು ಹೇಳಿ ಹೊರಟುಹೋದಳು. ಹೊಟ್ಟೆಕಿಚ್ಚು ಇನ್ನೂ ಆರಿಲ್ಲ ನೋಡು ಎಂದು ಕಟ್ಟೆಯ ಮೇಲಿನವರೊಬ್ಬರು ಅವಳಿಗೆ ಕೇಳುವ ಹಾಗೇ ಅಂದರು. ಟಾಂಟಿ ತಿರುಗಿ ನೋಡಲಿಲ್ಲ. ಗೆದ್ದೆ ಎಂದುಕೊಳ್ಳಬೇಕಿದ್ದ ನೆರಿಸಾಳಿಗೆ ಯಾಕೋ ಹಾಗೆ ಅನ್ನಿಸಲಿಲ್ಲ.

ಅವಳು ಸಕ್ಕರೆ ಹೊತ್ತು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಅಜ್ಜಿ ಹೊಸ್ತಿಲಲ್ಲಿ ಕೂತಿದ್ದಳು. ಬೈಯಲಿಲ್ಲ. ಪಕ್ಕದಲ್ಲಿ ಕೂರು ಎಂದಳು.

“ಕ್ರಿಸ್‌ಮಸ್ ಆದ್ಮೇಲೆ ನಂಗೆ ಜ್ವರ ಬಂದಿತ್ತಲ್ಲ. ಜ್ವರ ಹೋಯ್ತು. ಹೋಗುವಾಗ ಮೂಗು ನಾಲಿಗೆ ಎರಡನ್ನೂ ತಗೊಂಡು ಹೋಯ್ತು ಪುಟ್ಟಿ. ಏನು ತಿಂದ್ರೂ ಒದ್ದೆ ಕಾಗದ ತಿಂದ ಹಾಗೆ. ಮೂಸಿದ್ರೆ ಬರೀ ಗಾಳಿ.”

ನೆರಿಸಾಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನೆನಪಾಯಿತು. ಬಾಣಲೆಯಲ್ಲಿ ಬಾಳೆಕಾಯಿ ಸೀದು ಮನೆಯೆಲ್ಲ ಕಮಟು ತುಂಬಿದ್ದರೂ ಅಜ್ಜಿ ಒಲೆಯ ಪಕ್ಕದಲ್ಲೇ ಬೀನ್ಸ್ ಸುಲಿಯುತ್ತ ಕೂತಿದ್ದಳು.

ಅಮ್ಮನಿಗೆ ಗೊತ್ತಾದರೆ ಇನ್ನು ಒಲೆಯ ಹತ್ತಿರ ಬರಬೇಡ ಎನ್ನುತ್ತಾಳೆ, ಅದಕ್ಕೇ ಯಾರಿಗೂ ಹೇಳಲಿಲ್ಲ ಎಂದಳು ಅಜ್ಜಿ. ವರ್ನಾಳಿಂದ ಆಣೆ ಹಾಕಿಸಿಕೊಂಡಿದ್ದಳಂತೆ. ಪೊಟ್ಟಣದಲ್ಲಿ ಇದ್ದದ್ದು ಲವಂಗವಂತೆ, ಟಾಂಟಿಯ ಮನೆಯದು.

ನೆರಿಸಾ ಸಕ್ಕರೆಯ ಚೀಲವನ್ನು ತೊಡೆಗೆ ಎಳೆದುಕೊಂಡಳು. “ಟಾಂಟೀನ ಯಾಕೆ ಕರೆದೆ? ನನ್ನ ಕೇಳಬಹುದಿತ್ತಲ್ಲ.”

“ಕೇಳಿದ್ನಲ್ಲ,” ಎಂದಳು ಅಜ್ಜಿ. “ಸೂಪರ್ ಅಂದೆ. ನಾನು ಅದನ್ನೇ ಹೊತ್ಕೊಂಡು ಮಾರ್ಕೆಟ್ಟಿಗೆ ಹೋದೆ.”

ನೆರಿಸಾ ತಲೆ ತಗ್ಗಿಸಿದಳು. ಸಕ್ಕರೆಯ ಚೀಲ ಅವಳ ತೊಡೆಯ ಮೇಲೆ ಭಾರವಾಗಿತ್ತು.

“ವರ್ನಾ ಯಾವತ್ತೂ ನನ್ನ ಮೆಚ್ಚಿಸೋಕೆ ಮಾತಾಡಿದೋಳಲ್ಲ. ಕೆಟ್ಟದಿದ್ರೆ ಕೆಟ್ಟದು ಅಂತಾಳೆ. ನಂಗೆ ಅಂಥೋಳೇ ಬೇಕಿತ್ತು.”

ನೆರಿಸಾ ಎದ್ದು ಬೇಲಿಯ ಸಂದಿಯಲ್ಲಿ ನುಸುಳಿದಳು. ಟಾಂಟಿಯ ಮನೆಯ ಬಾಗಿಲು ಮುಚ್ಚಿತ್ತು. ತಟ್ಟಿದಳು. ಒಳಗೆ ರೇಡಿಯೋ ಸಣ್ಣಗೆ ಕೇಳುತ್ತಿತ್ತು, ಯಾರೂ ಬರಲಿಲ್ಲ. ತಪ್ಪಾಯಿತು ಟಾಂಟಿ ಎಂದು ಬಾಗಿಲಿಗೇ ಹೇಳಿದಳು. ಅಜ್ಜಿ ಎಲ್ಲ ಹೇಳಿದಳು ಎಂದಳು. ನಾಳೆ ಅಂಗಡಿಗೆ ಹೋಗಿ ಎಲ್ಲರ ಮುಂದೆ ಹೇಳುತ್ತೇನೆ ಎಂದಳು. ರೇಡಿಯೋ ಹಾಡುತ್ತಲೇ ಇತ್ತು.

ವಾಪಸ್ಸು ಬಂದಾಗ ಅಜ್ಜಿ ತೊಗಟೆಯ ಪಾತ್ರೆಯನ್ನು ಒಲೆಯಿಂದ ಇಳಿಸಿದ್ದಳು. ಬಟ್ಟಲಿಗೆ ಸ್ವಲ್ಪ ಕಷಾಯ ಬಗ್ಗಿಸಿ, ನೀರು ಸಕ್ಕರೆ ಕಲಸಿ, ಅವಳ ಮುಂದೆ ಹಿಡಿದಳು.

ನೆರಿಸಾ ಗುಟುಕರಿಸಿದಳು. ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದಳು. ಹಳೆಯ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ಹೇಳಿದರೆ ಅಜ್ಜಿ ನಗುತ್ತಾಳೆ.

“ಚೆನ್ನಾಗಿಲ್ಲ ಅಜ್ಜಿ,” ಎಂದಳು. “ತುಂಬಾ ಕಹಿ. ಲವಂಗ ಇರೋದೇ ಗೊತ್ತಾಗಲ್ಲ.”

ಅಜ್ಜಿ ನಗಲಿಲ್ಲ. ಆದರೆ ಹಿಡಿದಿದ್ದ ಉಸಿರು ಬಿಟ್ಟಳು. ಪಾತ್ರೆಯಿಂದ ತೊಗಟೆಯನ್ನು ಅರ್ಧ ತೆಗೆದು, ನೀರು ಸುರಿದು, ಲವಂಗ ಹಾಕಿ ಮತ್ತೆ ಒಲೆಗೇರಿಸಿದಳು. ಮುಂದಿನ ಬಟ್ಟಲೂ ಸರಿಯಿರಲಿಲ್ಲ. ಅದನ್ನೂ ನೆರಿಸಾ ಹೇಳಿದಳು. ಹೇಳುವುದು ಎರಡನೇ ಸಲವೂ ಸುಲಭವಾಗಲಿಲ್ಲ.

ಆಮೇಲಿನ ಬಟ್ಟಲು ಅವಳ ಕೈಗೆ ಬರುವ ಮೊದಲೇ ಹಿಂದಿನಿಂದ ಇನ್ನೊಂದು ಕೈ ಅದನ್ನು ಎತ್ತಿಕೊಂಡಿತು. ವರ್ನಾ ಟಾಂಟಿ ತೆರೆದ ಬಾಗಿಲಲ್ಲಿ ನಿಂತೇ ಕುಡಿದಳು. ಬಾಯಿ ಚಪ್ಪರಿಸಿದಳು. ನೆರಿಸಾಳ ಕಡೆ ಬಟ್ಟಲು ಚಾಚಿದಳು.

“ನೀನು ಏನಂತೀಯ?”

“ಸರಿ ಇದೆ,” ಎಂದಳು ನೆರಿಸಾ. ಆಮೇಲೆ ಮತ್ತೊಂದು ಗುಟುಕು ಕುಡಿದು, “ನಿಜವಾಗ್ಲೂ,” ಎಂದಳು.

“ಪರವಾಗಿಲ್ಲ,” ಎಂದಳು ಟಾಂಟಿ. ಅವಳ ಬಾಯಲ್ಲಿ ಅದು ದೊಡ್ಡ ಮಾತು. ನೆರಿಸಾಳ ತಲೆ ಸವರಲಿಲ್ಲ, ಏನೂ ಇಲ್ಲ. ಸೋಸುವ ಬಟ್ಟೆ ಎಲ್ಲಿ ಎಂದು ಹುಡುಕತೊಡಗಿದಳು. ನಾಳೆ ಅಂಗಡಿಗೆ ಮಗು ಹೋಗುವುದು ಬೇಡ, ತಾನೇ ಹೋಗಿ ಎಲ್ಲವನ್ನೂ ಹೇಳುತ್ತೇನೆ, ನೆರಿಸಾಳ ಅಮ್ಮನಿಗೂ ಇವತ್ತೇ ಹೇಳುತ್ತೇನೆ ಎಂದಳು ಅಜ್ಜಿ. ಹೇಳು, ಇಷ್ಟು ದಿನ ನಿನ್ನ ಉಪ್ಪು ತಿಂದು ಸಾಕಾಗಿದೆ ಎಂದಳು ಟಾಂಟಿ. ಇಬ್ಬರೂ ನಕ್ಕರು.

ಟಾಂಟಿ ಬಟ್ಟೆ ತೊಳೆಯಲು ಹೊರಗೆ ಹೋದಳು. ಅಜ್ಜಿ ಪಾತ್ರೆಯ ಮುಚ್ಚಳ ಸರಿಸಿ, ಬಗ್ಗಿ, ಉದ್ದಕ್ಕೆ ಉಸಿರೆಳೆದುಕೊಂಡಳು. ಅದು ಅವಳ ರೂಢಿ. ಆಮೇಲೆ ಹಾಗೇ ಬಗ್ಗಿ ನಿಂತುಬಿಟ್ಟಳು. ಹಬೆ ಅವಳ ಮುಖದ ಮೇಲೆ ಹಾದುಹೋಗುತ್ತಿತ್ತು.

“ಹೇಗೆ ಬರ್ತಿದೆ ವಾಸನೆ?” ಎಂದು ಮೆಲ್ಲಗೆ ಕೇಳಿದಳು.

ಚೆನ್ನಾಗಿದೆ ಎನ್ನಲು ಹೊರಟ ನೆರಿಸಾ ತಡೆದುಕೊಂಡಳು. ಅಜ್ಜಿ ಕೇಳುತ್ತಿದ್ದದ್ದು ಅದನ್ನಲ್ಲ. ನೆರಿಸಾ ಕಣ್ಣು ಮುಚ್ಚಿಕೊಂಡಳು.

“ಮೊದಲು ಚಕ್ಕೆ ಬರುತ್ತೆ ಅಜ್ಜಿ. ಬೆಚ್ಚಗೆ. ಅದರ ಹಿಂದೆ ಕಿತ್ತಳೆ, ತೆಳ್ಳಗೆ. ಉಗುರಲ್ಲಿ ಸಿಪ್ಪೆ ಚಿವುಟಿದ್ರೆ ಮೂಗಿಗೆ ಹಾರುತ್ತಲ್ಲ, ಹಾಗೆ. ತೊಗಟೆ ಕೊನೇಲಿ ಬರುತ್ತೆ. ಮಳೆ ಬಿದ್ದ ಕಟ್ಟಿಗೆ ಥರ.”

ಅಜ್ಜಿಯೂ ಕಣ್ಣು ಮುಚ್ಚಿ ಕೇಳುತ್ತಿದ್ದಳು.

“ಇನ್ನೂ?” ಎಂದಳು.

ನೆರಿಸಾ ಮತ್ತೆ ಪಾತ್ರೆಯ ಮೇಲೆ ಬಗ್ಗಿದಳು. ಈ ಸಲ ಅವಸರ ಮಾಡಲಿಲ್ಲ. ಇಬ್ಬರಿಗೂ ಆಗುವಷ್ಟು ಉಸಿರೆಳೆದುಕೊಂಡಳು.